ಕ್ಯಾಂಪ್ ಜೋಡಿ

ರಮಾನಾಥನ ಬೈಕಿನ ಹಿಂದಿನ ಶಾಕ್‌ಗಳನ್ನು ಆ ತಿಂಗಳಲ್ಲಿ ನಾನು ಬಿಚ್ಚುತ್ತಿದ್ದದ್ದು ಎರಡನೆಯ ಸಲ. ಮೊದಲ ಸಲ ಬಿಚ್ಚಿದ್ದು ಅವು ಕೆಟ್ಟಿದ್ದವು ಎಂದು. ಈ ಸಲ ಬಿಚ್ಚುತ್ತಿದ್ದದ್ದು ಅವು ಚೆನ್ನಾಗಿದ್ದವು ಎಂದು. ಚೆನ್ನಾಗಿರುವುದನ್ನು ತೆಗೆದು ಕೆಟ್ಟದ್ದನ್ನು ಹಾಕುವ ಕೆಲಸವನ್ನು ಯಾವ ವರ್ಕ್‌ಶಾಪಿನಲ್ಲೂ ಕಲಿಸುವುದಿಲ್ಲ. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿ ಗಾಡಿ ರಿಪೇರಿ ಮಾಡಿದವನು ನಾನು. ಅಲ್ಲಿಯೂ ಕಲಿಸಿರಲಿಲ್ಲ. ಅದನ್ನು ಕಲಿಸಿದ್ದು ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಪಕ್ಕದ ಈ ಫುಟ್‌ಪಾತು.

ನನ್ನ ಹೆಸರು ಮಾದಪ್ಪ. ಊರು ಕೊಳ್ಳೇಗಾಲದ ಕಡೆ. ಕೋಲ್ಕತ್ತದಲ್ಲಿ ಕೊನೆಯ ಪೋಸ್ಟಿಂಗ್ ಆಯಿತು, ಇಲ್ಲಿಯವಳನ್ನೇ ಮದುವೆಯಾದೆ, ಇಲ್ಲಿಯೇ ಉಳಿದೆ. ರೈಲ್ವೆ ಗೋಡೆಗೆ ಒಂದು ಟಾರ್ಪಾಲು ಕಟ್ಟಿಕೊಂಡು ಬೈಕ್ ರಿಪೇರಿ ಮಾಡುತ್ತೇನೆ. ಹತ್ತು ನಿಮಿಷದಲ್ಲಿ ಮನೆಗೆ ದಿನಸಿ ತಲುಪಿಸುವ ಕಂಪನಿಯೊಂದರ ಸ್ಟೋರು ನಮ್ಮ ಗಲ್ಲಿಯ ತುದಿಯಲ್ಲಿದೆ. ಅದರ ರೈಡರ್‌ಗಳು ಹದಿನಾಲ್ಕು ಜನ, ನನ್ನ ಗಿರಾಕಿಗಳೂ ಹದಿನಾಲ್ಕು ಜನ. ಅವರಲ್ಲಿ ಕನ್ನಡದವನು ರಮಾನಾಥ ಒಬ್ಬನೇ.

ಅವನು ಉಡುಪಿ ಕಡೆಯವನು. ಬ್ಯಾಂಕೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡಲೆಂದು ಬಂದವನು ಹತ್ತೊಂಬತ್ತು ವರ್ಷ ಅಲ್ಲಿ ಇಡ್ಲಿ ಬೇಯಿಸಿದ. ಒಂದು ದಿನ ಬ್ಯಾಂಕಿನವರು ಕ್ಯಾಂಟೀನು ಮುಚ್ಚಿ ಆ ಜಾಗದಲ್ಲಿ ಕಾಫಿ ಮಷಿನ್ ಇಟ್ಟರು. ಆಗ ಅವನಿಗೆ ನಲವತ್ತಾರು. ಆ ಬ್ಯಾಂಕಿನಲ್ಲಿದ್ದ ಕನ್ನಡದ ಆಫೀಸರರೊಬ್ಬರ ಮಗ ಈ ದಿನಸಿ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದ. ರಮಾನಾಥ ಅವನ ಕೈಕಾಲು ಹಿಡಿದು ರೈಡರ್ ಆದ. ಹೆಂಡತಿ ಕುಸುಮಾವತಿ ನಗರದ ಅಂಚಿನ ಜೋಕಾದಲ್ಲಿರುವ ಒಂದು ಕೋಣೆಯ ಮನೆಯಿಂದ, ಅಲ್ಲಿಯ ಇನ್‌ಸ್ಟಿಟ್ಯೂಟಿನಲ್ಲಿ ಓದುವ ನಮ್ಮ ಕಡೆಯ ಏಳೆಂಟು ಹುಡುಗರಿಗೆ ಊಟದ ಡಬ್ಬಿ ಕೊಡುತ್ತಾಳೆ. ಅಷ್ಟೇ ಅವರ ಬದುಕು.

ಈಗ ಶಾಕ್ ವಿಷಯ ಹೇಳುತ್ತೇನೆ. ಇದು ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಬೈಕಿನ ಹಿಂದಿನ ಚಕ್ರದ ಎರಡೂ ಬದಿಗೆ ಒಂದೊಂದು ಶಾಕ್ ಇರುತ್ತದೆ. ಹೊರಗೆ ಸ್ಪ್ರಿಂಗು, ಒಳಗೆ ಎಣ್ಣೆ ತುಂಬಿದ ಕೊಳವೆ. ಭಾರ ಹೊರುವುದು ಸ್ಪ್ರಿಂಗು, ಕುಣಿಯದಂತೆ ಹಿಡಿಯುವುದು ಎಣ್ಣೆ. ಬೈಕಿನ ಜೊತೆಗೆ ಬರುವ ಶಾಕು ಇಬ್ಬರು ಕೂತು ಹೋಗುವುದಕ್ಕೆ ಲೆಕ್ಕ ಹಾಕಿ ಮಾಡಿದ್ದು. ಸ್ಟೋರಿನವರು ಏನು ಮಾಡುತ್ತಾರೆಂದರೆ, ಇಪ್ಪತ್ತು ಲೀಟರಿನ ನೀರಿನ ಕ್ಯಾನು ಒಂದು ಆರ್ಡರಿಗೆ ಒಂದೇ ಎಂದು ನಿಯಮ ಇಟ್ಟಿದ್ದಾರೆ. ಫೋನಿನಲ್ಲಿ ನೋಡಿದರೆ ಇಪ್ಪತ್ತೇ ಕಿಲೋ. ಯಾರೂ ಬೆರಳು ತೋರಿಸುವಂತಿಲ್ಲ. ಆದರೆ ಒಂದೇ ಅಪಾರ್ಟ್‌ಮೆಂಟಿಗೆ ನಾಲ್ಕು ಆರ್ಡರು ಬಂದರೆ ನಾಲ್ಕನ್ನೂ ಒಬ್ಬನ ಬೈಕಿಗೇ ಹೇರುತ್ತಾರೆ. ಅದಕ್ಕೆಂದೇ ಸ್ಟೋರಿನಲ್ಲಿ ಕೊಕ್ಕೆ ಹಾಕುವ ಕಬ್ಬಿಣದ ಚೌಕಟ್ಟುಗಳಿವೆ. ಬೆಳಿಗ್ಗೆ ಕೊಟ್ಟು ಸಂಜೆ ಎಣಿಸಿ ವಾಪಸು ತೆಗೆದುಕೊಳ್ಳುತ್ತಾರೆ. ಎಂಬತ್ತು ಕಿಲೋ ನೀರು, ಮೇಲೆ ಮನುಷ್ಯ. ಕಂಪನಿ ಶಾಕು ತಿಂಗಳೊಪ್ಪತ್ತಿನಲ್ಲಿ ಎಣ್ಣೆ ಕಕ್ಕಿ ಕೂತುಬಿಡುತ್ತದೆ. ಆಮೇಲೆ ರಸ್ತೆಯ ಪ್ರತಿ ಗುಂಡಿಯೂ ನೇರ ಬೆನ್ನಿಗೇ ಬಡಿಯುತ್ತದೆ. ರಮಾನಾಥ ಬೈಕಿನಿಂದಿಳಿದರೆ ಎರಡು ನಿಮಿಷ ಸೊಂಟಕ್ಕೆ ಕೈ ಕೊಟ್ಟು ನಿಂತು, ಆಮೇಲೆ ಕಾಲೆತ್ತಿ ಇಡುತ್ತಿದ್ದ.

ಹಾಗಾಗಿ ನಾನು ಹಳೆಯ ಗಾಡಿ ಭಾಗಗಳು ಸಿಗುವ ಮಲ್ಲಿಕ್ ಬಜಾರಿಗೆ ಹೋಗಿ ಹಾಲಿನ ಗಾಡಿಗಳಿಗೆ ಹಾಕುವ ದಪ್ಪ ಸ್ಪ್ರಿಂಗಿನ ಶಾಕು ತಂದು ಎಲ್ಲರಿಗೂ ಹಾಕಿಕೊಟ್ಟೆ. ಅದು ಗಟ್ಟಿ. ಖಾಲಿ ಗಾಡಿಯಲ್ಲಿ ಕೂತರೆ ಕುಲುಕುತ್ತದೆ ನಿಜ, ಭಾರ ಬಿದ್ದರೆ ಅಲುಗಾಡುವುದಿಲ್ಲ.

ಕಂಪನಿ ಸೆಕ್ಟರ್ ಫೈವ್‌ನ ತನ್ನ ಆಫೀಸಿನ ಮುಂದೆ ಸುರಕ್ಷತಾ ಕ್ಯಾಂಪ್ ಇಡುತ್ತದೆ, ಒಬ್ಬೊಬ್ಬ ರೈಡರ್‌ಗೂ ಮೂರು ತಿಂಗಳಿಗೊಮ್ಮೆ, ಬೇರೆ ಬೇರೆ ದಿನ. ಗಾಡಿ ತಯಾರಾದಾಗ ಹೇಗಿತ್ತೋ ಹಾಗೇ ಇರಬೇಕು ಎಂಬುದು ನಿಯಮ. ಬೇರೆ ಶಾಕು ಕಂಡರೆ ಐಡಿ ಬಂದ್. ಐಡಿ ಬಂದ್ ಎಂದರೆ ಫೋನಿನಲ್ಲಿ ಆರ್ಡರ್ ಬರುವುದಿಲ್ಲ, ಅಂದರೆ ಕೆಲಸ ಇಲ್ಲ. ನಿಯಮ ತಪ್ಪು ಎಂದು ನಾನೂ ಹೇಳುವುದಿಲ್ಲ. ಕಂಡಕಂಡ ಭಾಗ ಹಾಕಿದ ಗಾಡಿ ರಸ್ತೆಗೆ ಬರಬಾರದು. ಆದರೆ ಇಬ್ಬರ ಲೆಕ್ಕದ ಗಾಡಿಗೆ ನಾಲ್ಕು ಕ್ಯಾನು ಹೇರುವವರೂ ಅವರೇ, ಗಾಡಿ ಬದಲಾಯಿಸಬಾರದು ಎನ್ನುವವರೂ ಅವರೇ. ಇದಕ್ಕೆ ಏನೆನ್ನಬೇಕು?

ನಾವು ಒಂದು ಉಪಾಯ ಕಂಡುಕೊಂಡಿದ್ದೆವು. ಕಂಪನಿಯದೇ ಗುರುತಿರುವ ಒಂದು ಜೊತೆ ಹಳೆಯ ಶಾಕು ನನ್ನಲ್ಲಿತ್ತು. ಒಳಗೆ ಎಣ್ಣೆ ಸತ್ತುಹೋಗಿತ್ತು. ನಾನು ಅದನ್ನು ತಿಕ್ಕಿ, ಕಪ್ಪು ಬಣ್ಣ ಹೊಡೆದು, ಹೊಸದರಂತೆ ಮಾಡಿಟ್ಟಿದ್ದೆ. ಕ್ಯಾಂಪ್ ಇರುವ ದಿನ ಯಾರ ಸರದಿಯೋ ಅವನ ಗಾಡಿಗೆ ಅದನ್ನು ಹಾಕುವುದು. ಅವನು ಖಾಲಿ ಗಾಡಿಯಲ್ಲಿ ಹೋಗಿ ತೋರಿಸಿ, ನೇರ ನನ್ನಲ್ಲಿಗೆ ಬರುವುದು. ನಾನು ಬಿಚ್ಚಿ ಗಟ್ಟಿಯದನ್ನು ಮತ್ತೆ ಹಾಕುವುದು. ಹುಡುಗರು ಅದಕ್ಕೆ ಕ್ಯಾಂಪ್ ಜೋಡಿ ಎಂದು ಹೆಸರಿಟ್ಟಿದ್ದರು. ಹದಿನಾಲ್ಕು ಗಾಡಿಗೆ ಒಂದೇ ಜೋಡಿ. ಮದುವೆಗೆ ಎರವಲು ಕೋಟು ಕೊಟ್ಟಂತೆ ಕೊಡುತ್ತಿದ್ದೆ. ನನಗೆ ಅದರಲ್ಲಿ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ದಿನ ರಮಾನಾಥನ ಸರದಿ. ಹಿಂದಿನ ಕ್ಯಾಂಪಿನ ಮೂರು ತಿಂಗಳು ಮುಗಿದಿದ್ದರಿಂದ ಎರಡು ದಿನದಿಂದ ಅವನ ಐಡಿ ಬಂದ್ ಆಗಿತ್ತು, ಈ ಸಲ ಪಾಸಾಗುವ ತನಕ ಹಾಗೇ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿದೆ. ಎರಡೂ ಶಾಕನ್ನು ಒಟ್ಟಿಗೆ ಬಿಚ್ಚಬಾರದು, ಚಕ್ರ ಜೋತುಬೀಳುತ್ತದೆ. ಎಡಗಡೆಯದರ ಮೇಲಿನ ನಟ್ಟು, ಕೆಳಗಿನ ಬೋಲ್ಟು ಬಿಚ್ಚಿ ಕಿತ್ತೆ. ಕ್ಯಾಂಪ್ ಜೋಡಿಯ ಒಂದನ್ನು ಮೇಲಿನ ಕಂಬಿಗೆ ತೂರಿಸಿದೆ. ಕೆಳಗಿನ ತೂತು ಒಂದು ಬೆರಳಿನಷ್ಟು ಕೂಡಲಿಲ್ಲ. ರಮಾನಾಥ ಚಕ್ರದಡಿ ಹಲಗೆ ತೂರಿಸಿ ಮೀಟಿದ. ಮೀಟುವಾಗ ಅವನ ಮುಖ ಕಿವುಚಿತು. ಬೋಲ್ಟು ಕೂತಿತು. ಬಲಗಡೆಗೂ ಹಾಗೇ ಮಾಡಿದೆ. ಸೀಟು ಒತ್ತಿದೆ. ಗಾಡಿ ಮೂರು ಸಲ ಕುಣಿದು ನಿಂತಿತು. ಒಂದೇ ಸಲಕ್ಕೆ ನಿಲ್ಲಬೇಕಾದದ್ದು.

ಅವನೂ ನೋಡಿದ. “ಕುಣೀತದಲ್ಲ ಮಾರಾಯ್ರೆ,” ಎಂದ.

“ಅವ್ರು ನೋಡೋದು ಬಣ್ಣ ಕಣಪ್ಪ, ಕುಣಿಯೋದ್ನಲ್ಲ,” ಎಂದೆ. “ಖಾಲಿ ಗಾಡೀಲಿ ವಾಪಸ್ ಬಾ. ಫೋನು ಜೇಬಲ್ಲಿರ್ಲಿ, ತೆಗೀಬ್ಯಾಡ.”

ತಲೆಯಾಡಿಸಿ ಹೋದ. ಈ ಸಲ ಪಾಸಾದರೆ ಮೂರು ತಿಂಗಳು ತೊಂದರೆಯಿಲ್ಲ, ಅಷ್ಟರಲ್ಲಿ ಬೆನ್ನಿಗೆ ಒಂದು ಬೆಲ್ಟು ತೆಗೆದುಕೊಳ್ಳಬೇಕು ಎಂದು ಹೋಗುವಾಗ ಹೇಳಿದ್ದ.

ಹನ್ನೊಂದೂವರೆಗೆ ಅವನ ಫೋನು ಬಂತು. ಪಾಸಾಗಿದ್ದ. ಪಾಸಾದವರ ಐಡಿಯನ್ನು ಅಲ್ಲಿಯೇ ಆನ್ ಮಾಡಿ ಕಳಿಸುತ್ತಾರೆ. ಲೇಕ್ ಗಾರ್ಡನ್ಸ್ ತಲುಪುವಷ್ಟರಲ್ಲಿ ಸ್ಟೋರಿನ ಮ್ಯಾನೇಜರ್ ನಾಲ್ಕು ಸಲ ಫೋನು ಮಾಡಿದ್ದನಂತೆ. ಎರಡು ದಿನ ಮನೆಯಲ್ಲಿ ಕೂತವನು ಮೊದಲ ಆರ್ಡರಿಗೇ ಬೇಡ ಎಂದರೆ ಮತ್ತೆ ಬಂದ್ ಮಾಡಿಸುತ್ತೇನೆ ಎಂದನಂತೆ. ರಮಾನಾಥ ಮಾತಾಡುತ್ತಿದ್ದದ್ದು ಸ್ಟೋರಿನ ಮುಂದೆ ನಿಂತುಕೊಂಡು. ಹಿಂದೆ ಕ್ಯಾನು ಇಳಿಸುವ ಸದ್ದು ನನಗೆ ಕೇಳಿಸುತ್ತಿತ್ತು.

“ಒಂದೇ ಟ್ರಿಪ್ಪು ಮಾದಪ್ಪಣ್ಣ. ಫ್ಲೈಓವರ್ ದಾಟಿ ಕೂಡ್ಲೆ ಉಂಟು ಆ ಬಿಲ್ಡಿಂಗು. ಕೊಟ್ಟು ಬರ್ತೇನೆ.”

“ಎಷ್ಟು ಕ್ಯಾನು?”

“ನಾಲ್ಕು.”

ನನ್ನ ಅಂಗಡಿ ಅಲ್ಲಿಂದ ಮುನ್ನೂರು ಹೆಜ್ಜೆ. ಗಟ್ಟಿ ಶಾಕು ನನ್ನ ಕಾಲ ಬುಡದಲ್ಲಿ ಬಿದ್ದಿತ್ತು. ಇಪ್ಪತ್ತು ನಿಮಿಷದ ಕೆಲಸ. ಆದರೆ ಆರ್ಡರಿಗೆ ಇದ್ದದ್ದು ಹತ್ತು ನಿಮಿಷ. ಬೇಡ ಎಂದು ನಾನು ಹೇಳಬೇಕಿತ್ತು. ಓಡಿಹೋಗಿ ಬೈಕಿನ ಕೀ ಕಿತ್ತುಕೊಳ್ಳಬೇಕಿತ್ತು. ನಾನು ಹೇಳಿದ್ದು ಎರಡೇ ಮಾತು, “ನಿಧಾನ ಹೋಗು.”

ಫ್ಲೈಓವರ್ ಇಳಿಯುವ ಕಡೆ, ರಸ್ತೆಯ ಎರಡು ತುಂಡು ಸೇರುವಲ್ಲಿ ಒಂದು ಕಬ್ಬಿಣದ ಪಟ್ಟಿ ಎದ್ದಿದೆ. ಎಲ್ಲರಿಗೂ ಗೊತ್ತಿರುವ ಪಟ್ಟಿ. ಅದರ ಮೇಲೆ ಹಿಂದಿನ ಚಕ್ರ ಹತ್ತಿದಾಗ ಬಲಗಡೆಯ ಶಾಕಿನ ದಂಡ ಮುರಿಯಿತು. ಗಾಡಿ ಬಲಕ್ಕೆ ಕುಸಿದು ಚಕ್ರ ಮಡ್‌ಗಾರ್ಡಿಗೆ ಸಿಕ್ಕಿಕೊಂಡಿತು. ರಮಾನಾಥ ಮುಂದಕ್ಕೆ ಬೋರಲು ಬಿದ್ದ. ನಾಲ್ಕರಲ್ಲಿ ಎರಡು ಕ್ಯಾನು ಅವನ ಸೊಂಟದ ಮೇಲೆ ಬಿದ್ದವು. ಅವು ಒಡೆಯಲಿಲ್ಲ. ನಾನು ಓಡಿಹೋದಾಗ ಯಾರೋ ಅವನ್ನು ಪಕ್ಕಕ್ಕೆ ಸಾಲಾಗಿ ಜೋಡಿಸಿ ಇಟ್ಟಿದ್ದರು.

ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ದಿನ ಅವನು ನೆಲದ ಮೇಲೆ ಹಾಸಿಗೆ ಹಾಕಿಕೊಂಡು ಮಲಗಿದ್ದ. ಮೂರನೆಯ ದಿನ ಮಂಚ ಸಿಕ್ಕಿತು. ಸೊಂಟದಿಂದ ಕೆಳಗೆ ಚಿವುಟಿದರೆ ಗೊತ್ತಾಗುತ್ತಿರಲಿಲ್ಲ. ಎಡಗಾಲಿನ ಹೆಬ್ಬೆರಳು ಮಾತ್ರ ಒಮ್ಮೊಮ್ಮೆ ಅಲುಗುತ್ತಿತ್ತು. ಡಾಕ್ಟರು ಚಿಕ್ಕ ವಯಸ್ಸಿನವರು, ಸುತ್ತಿಬಳಸದೆ ಹೇಳಿದರು. ಬೆನ್ನುಮೂಳೆ ಒಡೆದು ನರ ಒತ್ತಿದೆ. ಬೇಗ ಆಪರೇಷನ್ ಆದರೆ ನಡೆಯುವ ಸಾಧ್ಯತೆ ಉಂಟು. ಇಲ್ಲಿ ಸರದಿ ಬರಲು ಎರಡು ತಿಂಗಳು. ಖಾಸಗಿ ಆಸ್ಪತ್ರೆಯಲ್ಲಿ ಈ ವಾರವೇ ಆಗುತ್ತದೆ. ಹೆಬ್ಬೆರಳು ಅಲುಗುವುದು ನಿಂತ ಮೇಲೆ ಮಾಡಿ ಪ್ರಯೋಜನವಿಲ್ಲ.

ಕಂಪನಿ ರೈಡರ್‌ಗಳಿಗೆ ಅಪಘಾತದ ವಿಮೆ ಕೊಡುತ್ತದೆ. ಸ್ಟೋರಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದೆ, ನಗುವ ಕುಟುಂಬದ ಚಿತ್ರದ ಜೊತೆಗೆ. ಅದು ಮಂಜೂರಾದರೆ ಆ ವಾರವೇ ಆಪರೇಷನ್. ಕುಸುಮಾವತಿ ದಿನಕ್ಕೆ ಮೂರು ಸಲ ಹೊದಿಕೆ ಸರಿಸಿ ಗಂಡನ ಹೆಬ್ಬೆರಳು ನೋಡುತ್ತಿದ್ದಳು. ಅಲುಗಿದರೆ ನನ್ನನ್ನು ಕರೆದು ತೋರಿಸುತ್ತಿದ್ದಳು.

ನಾಲ್ಕನೆಯ ದಿನ ರಮಾನಾಥ ನನ್ನನ್ನು ಹತ್ತಿರ ಕರೆದ.

“ಆ ಜೋಡಿಯ ವಿಷಯ ಯಾರ ಹತ್ರವೂ ಹೇಳ್ಬೇಡಿ ಅಣ್ಣ. ಗೊತ್ತಾದ್ರೆ ಹದಿಮೂರು ಜನರ ಐಡಿಯೂ ಹೋಗ್ತದೆ. ಅವರಲ್ಲಿ ನಿತಾಯ್‌ಗೆ ಮೊನ್ನೆಯಷ್ಟೆ ಮಗು ಆದದ್ದು.”

“ನಿಂದು ನೋಡ್ಕಳಯ್ಯ ಮೊದ್ಲು,” ಎಂದೆ.

“ನಂದು ಆಯ್ತಲ್ಲ,” ಎಂದ. ಮಾತು ತೆಗೆದುಕೊಳ್ಳದೆ ಕೈ ಬಿಡಲಿಲ್ಲ. ಕೊಟ್ಟೆ.

ಮರುದಿನ ಸ್ವಸ್ತಿಕ್ ಬಂದ. ಬ್ಯಾಂಕ್ ಆಫೀಸರರ ಮಗ ಎಂದೆನಲ್ಲ, ಅವನೇ. ಕಂಪನಿಯ ಪರವಾಗಿ ತನಿಖೆಗೆ ಅವನನ್ನೇ ಕಳಿಸಿದ್ದರು. ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಅರ್ಥವಾಗುತ್ತದೆ, ಆಡಲು ತಡವರಿಸುತ್ತಾನೆ. ಕೆಟ್ಟ ಹುಡುಗ ಅಲ್ಲ. ಬರುವಾಗ ದಾಳಿಂಬೆ ತಂದಿದ್ದ. ರಮಾನಾಥನ ಮಂಚದ ಹತ್ತಿರ ಹೋಗಲು ಅವನಿಗೆ ಧೈರ್ಯವಾಗಲಿಲ್ಲ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ನಮ್ಮಿಬ್ಬರನ್ನು ಕೂರಿಸಿ, ತಾನು ನಿಂತುಕೊಂಡೇ ಟ್ಯಾಬ್ ತೆಗೆದ.

ಗಾಡಿಯ ಸ್ಥಿತಿ ಸರಿಯಿತ್ತೇ, ಇಲ್ಲವೇ? ಮೊದಲ ಪ್ರಶ್ನೆಯೇ ಅದು. ಅಪಘಾತದ ದಿನ ಬೆಳಿಗ್ಗೆ ಹತ್ತೂಕಾಲಿಗೆ ಗಾಡಿ ಕ್ಯಾಂಪಿನಲ್ಲಿ ಪಾಸಾಗಿದೆ, ಫೋಟೋ ಇದೆ, ಹಾಗಾಗಿ ಸರಿಯಿತ್ತು ಎಂದೇ ಬರೆಯಬಹುದು ಎಂದ. ಕುಸುಮಾವತಿಗೆ ಜೀವ ಬಂದಂತಾಯಿತು. ಹಾಗೇ ಬರಿ ಮಗಾ ಎಂದಳು.

ಅವನು ಬರೆಯಲಿಲ್ಲ. ಸರಿಯಿತ್ತು ಎಂದರೆ ಅಪಘಾತಕ್ಕೆ ಕಾರಣ ಓಡಿಸಿದವನು ಎಂದಾಗುತ್ತದೆ, ನಿರ್ಲಕ್ಷ್ಯದ ಚಾಲನೆಗೆ ವಿಮೆ ಬರುವುದಿಲ್ಲ ಎಂದು ಹೇಳಿದ. ಹೇಳುವಾಗ ಟ್ಯಾಬನ್ನೇ ನೋಡುತ್ತಿದ್ದ.

ನಾನು ಬೆಂಚಿನಿಂದ ಎದ್ದೆ. ಕೊಟ್ಟ ಮಾತನ್ನು ಗಾಳಿಗೆ ತೂರಿ ಎಲ್ಲವನ್ನೂ ಹೇಳಿಬಿಟ್ಟೆ. ಗಾಡಿ ಸರಿಯಿರಲಿಲ್ಲ, ಆ ಶಾಕಿನಲ್ಲಿ ಎಣ್ಣೆಯೇ ಇರಲಿಲ್ಲ, ಬಣ್ಣ ಹೊಡೆದದ್ದು ನಾನು, ಹಾಕಿದ್ದು ನಾನು, ನನ್ನ ಮೇಲೆ ಕೇಸು ಹಾಕು, ಅವನ ಆಪರೇಷನ್ ಮಾಡಿಸು ಎಂದೆ. ಉಳಿದವರ ಹೆಸರು ಮಾತ್ರ ಎತ್ತಲಿಲ್ಲ.

ಸ್ವಸ್ತಿಕ್ ಆಶ್ಚರ್ಯಪಡಲಿಲ್ಲ. ಅವನಿಗೆ ಗೊತ್ತಿತ್ತು. ಎಲ್ಲ ಸ್ಟೋರುಗಳ ಹತ್ತಿರವೂ ಇಂಥದ್ದೊಂದು ಜೋಡಿ ಇದೆ, ಆಫೀಸಿನಲ್ಲಿ ಎಲ್ಲರಿಗೂ ಗೊತ್ತು ಎಂದ. ನಾವು ಅವರಿಗೆ ಮೋಸ ಮಾಡುತ್ತಿದ್ದೇವೆ ಎಂದುಕೊಂಡಿದ್ದೆವು. ಅವರು ನಮ್ಮ ಮೋಸವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು, ಒಂದು ದಿನ ಬೇಕಾಗುತ್ತದೆಂದು.

“ಅಂಕಲ್, ಪ್ಲೀಸ್, ಇದನ್ನ ನಂಗೆ ಹೇಳ್ಬೇಡಿ,” ಎಂದ. “ಬೈಕ್ ಸರಿ ಇಲ್ಲ ಅಂತ ಹಾಕಿದ್ರೆ ಅದು ಫ್ರಾಡ್ ಆಗ್ತದೆ. ಕ್ಯಾಂಪ್‌ನಲ್ಲಿ ಸುಳ್ಳು ತೋರ್ಸಿದ್ದು ಅಂತ. ಆಗ್ಲೂ ಕವರ್ ಇಲ್ಲ. ಮೇಲಿಂದ ಪೊಲೀಸ್ ಕೇಸ್. ಮೊದಲನೇದೇ ಬೆಟರ್. ಆಂಟಿ ಒಂದು ಸೈನ್ ಹಾಕಿದ್ರೆ ಫೈಲ್ ಕ್ಲೋಸ್ ಮಾಡ್ತೇನೆ. ಪಪ್ಪಂಗೆ ಹೇಳಿ ಕನ್ನಡ ಸಂಘದಿಂದ ಏನಾದ್ರೂ ಹೆಲ್ಪ್ ಮಾಡಿಸ್ತೇನೆ.”

ಅವನು ಟ್ಯಾಬನ್ನು ಕುಸುಮಾವತಿಯ ಮುಂದೆ ಹಿಡಿದ. ಸಹಿ ಮಾಡುವ ಕಡ್ಡಿಯನ್ನೂ ಕೊಟ್ಟ. ಅವಳು ಏಳನೆಯ ಕ್ಲಾಸು ಓದಿದವಳು. ಗಾಜಿನ ಮೇಲಿನ ಇಂಗ್ಲಿಷನ್ನು ಬೆರಳಿಟ್ಟು ಮೇಲಿನಿಂದ ಕೆಳಗಿನ ತನಕ ನೋಡಿದಳು.

“ಬೈಕು ಸರಿ ಉಂಟು ಅಂತ ಬರೆದ್ರೆ ಇವರ ತಪ್ಪು,” ಎಂದಳು. “ಸರಿ ಇಲ್ಲ ಅಂತ ಬರೆದ್ರೂ ಇವರ ತಪ್ಪು. ನಾಲ್ಕು ಕ್ಯಾನು ಹೇರಿ ಕಳಿಸಿದವರ ತಪ್ಪು ಬರೀಲಿಕ್ಕೆ ಇದ್ರಲ್ಲಿ ಜಾಗ ಎಲ್ಲುಂಟು, ತೋರಿಸು.”

“ಅದಕ್ಕೆ ಕಾಲಂ ಇಲ್ಲ ಆಂಟಿ.”

“ನೀನು ಬರೆದ್ರೆ?”

“ಸಿಸ್ಟಮ್ ತಗೊಳ್ಳುದಿಲ್ಲ.”

ಕುಸುಮಾವತಿ ಕಡ್ಡಿಯನ್ನು ಅವನ ಕೈಗೆ ವಾಪಸು ಕೊಟ್ಟಳು. ದಾಳಿಂಬೆಯ ಚೀಲವನ್ನೂ ಕೊಟ್ಟಳು. ಒಳಗೆ ಹೋಗಿ ಗಂಡನ ಕಾಲಬುಡದಲ್ಲಿ ಕೂತು ಹೊದಿಕೆ ಸರಿಸಿದಳು.

ಸಂಜೆ ನನ್ನ ಟಾರ್ಪಾಲಿನ ಕೆಳಗೆ ಹದಿಮೂರು ಜನರೂ ಸೇರಿದರು. ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಗುಟ್ಟು ಒಡೆದ ನನ್ನ ಮೇಲೆ ಇಬ್ಬರು ರೇಗಿದರು. ರೇಗಲಿ, ನ್ಯಾಯವೇ. ಆದರೆ ಆಫೀಸಿಗೆ ಮೊದಲೇ ಗೊತ್ತಿತ್ತು ಎಂದಾಗ ರೇಗಿದವರೂ ನೆಲದ ಮೇಲೆ ಕೂತುಬಿಟ್ಟರು. ಆ ಜೋಡಿ ನಮ್ಮನ್ನು ಕಾಯುತ್ತದೆ ಎಂದು ನಂಬಿದ್ದವರು ಅವರು. ಅದರ ಮೇಲೆ ಕೂತು ಸೆಕ್ಟರ್ ಫೈವ್‌ಗೆ ಹೋಗಿ ಬಂದ ಪ್ರತಿಯೊಬ್ಬನೂ ತನ್ನ ಕೈಯಾರೆ ತನ್ನ ವಿರುದ್ಧ ಸಾಕ್ಷಿ ಬರೆದುಕೊಟ್ಟಿದ್ದ.

ಬರುವ ಶುಕ್ರವಾರ ನಿತಾಯ್‌ನ ಕ್ಯಾಂಪು. ನಾನು ಅವನಿಗೆ ಇನ್ನು ಮೇಲೆ ನನ್ನಲ್ಲಿ ಜೋಡಿ ಇಲ್ಲ, ಮುರಿದದ್ದರ ಬದಲು ಇನ್ನೊಂದನ್ನು ನಾನು ತರುವುದೂ ಇಲ್ಲ ಎಂದೆ. ಅವನು ಅಳುಮುಖ ಮಾಡಿದ. ಹಾಗಾದರೆ ನಾನು ಏನು ಮಾಡಲಿ ಎಂದು ಬಂಗಾಳಿಯಲ್ಲಿ ಕೇಳಿದ. ಆಮೇಲೆ ಅವನೇ ಹೇಳಿದ, ಇದ್ದದ್ದನ್ನು ಇದ್ದ ಹಾಗೆ ತೋರಿಸೋಣ ಎಂದು. ಒಬ್ಬನೇ ಹೋದರೆ ಒಬ್ಬನ ಐಡಿ ತೆಗೆಯುತ್ತಾರೆ. ಎಲ್ಲರೂ ಹೋದರೆ ನೋಡೋಣ, ಏನು ಮಾಡುತ್ತಾರೆ.

ಶುಕ್ರವಾರ ಬೆಳಿಗ್ಗೆ ಅವರು ಎಂದಿನಂತೆ ಸ್ಟೋರಿಗೆ ಹೋದರು. ಚೌಕಟ್ಟು ಸಿಕ್ಕಿಸಿಕೊಂಡರು. ನಾಲ್ಕು ನಾಲ್ಕು ಕ್ಯಾನು ಹೇರಿಸಿಕೊಂಡರು. ಆದರೆ ಅಪಾರ್ಟ್‌ಮೆಂಟುಗಳಿಗೆ ಹೋಗಲಿಲ್ಲ. ಒಬ್ಬರ ಹಿಂದೆ ಒಬ್ಬರು ಸೆಕ್ಟರ್ ಫೈವ್ ಕಡೆ ತಿರುಗಿದರು. ನಾನು ನನ್ನ ಸ್ಕೂಟರಿನಲ್ಲಿ ಹಿಂದೆ ಹೋದೆ. ಗಟ್ಟಿ ಶಾಕಿನ ಹದಿಮೂರು ಗಾಡಿಗಳು ತುಂಬಿದ ಭಾರದಲ್ಲಿ ಒಂದೂ ಅಲುಗಲಿಲ್ಲ. ಬೈಪಾಸಿನ ಉದ್ದಕ್ಕೂ ನನ್ನ ಕೆಲಸವನ್ನು ನೋಡುತ್ತಾ ಹೋದೆ. ಆ ಹೊತ್ತಿನಲ್ಲೂ ನನಗೆ ಅದರಲ್ಲಿ ಹೆಮ್ಮೆಯಾಯಿತು.

ಕಂಪನಿಯ ಗಾಜಿನ ಕಟ್ಟಡದ ಮುಂದೆ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದರು. ಐವತ್ತೆರಡು ಕ್ಯಾನು. ಆಫೀಸಿಗೆ ಹೋಗುವವರು ನಿಂತು ನೋಡಿದರು. ಕ್ಯಾಂಪಿನ ಪರೀಕ್ಷಕ ಪಟ್ಟಿ ಹಿಡಿದು ಬಂದವನು ಗಾಡಿ ನೋಡಿದ, ಕ್ಯಾನು ನೋಡಿದ, ಪಟ್ಟಿ ನೋಡಿದ, ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಸ್ವಸ್ತಿಕ್ ಇಳಿದುಬಂದ.

ನಿತಾಯ್ ಮುಂದೆ ಹೋಗಿ ಹೇಳಿದ್ದು ಇಷ್ಟೇ. ನಮ್ಮ ಗಾಡಿ ಹೀಗಿದೆ, ನೀವು ಹೇರುವ ಭಾರ ಹೀಗಿದೆ, ಎರಡನ್ನೂ ಒಟ್ಟಿಗೆ ಫೋಟೋ ತೆಗೆಯಿರಿ, ರಮಾನಾಥದಾದಾನ ಫೈಲಿಗೆ ಹಾಕಿ.

ಸ್ವಸ್ತಿಕ್ ಫೋಟೋ ತೆಗೆಸಿದ. ಆದರೆ ಪರೀಕ್ಷಕ ಬಗ್ಗಿ ತೆಗೆದದ್ದು ಶಾಕುಗಳನ್ನು ಮಾತ್ರ, ಹತ್ತಿರದಿಂದ. ಒಂದು ಫೋಟೋದಲ್ಲೂ ಕ್ಯಾನು ಬರಲಿಲ್ಲ. ಅರ್ಧ ಗಂಟೆಯಲ್ಲಿ ಫೋನುಗಳು ಒಂದೊಂದಾಗಿ ಸದ್ದು ಮಾಡಿದವು. ವಾಹನದಲ್ಲಿ ಅನಧಿಕೃತ ಬದಲಾವಣೆ, ಐಡಿ ಶಾಶ್ವತವಾಗಿ ಬಂದ್. ಹದಿಮೂರನೆಯ ಫೋನು ಸದ್ದು ಮಾಡುವ ತನಕ ಯಾರೂ ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಸೆಕ್ಯುರಿಟಿಯವರು ಬಂದು ಕಬ್ಬಿಣದ ಚೌಕಟ್ಟು ಕಂಪನಿಯ ಸ್ವತ್ತು, ಬಿಚ್ಚಿಕೊಡಿ ಎಂದರು. ಬಿಚ್ಚಿಕೊಟ್ಟರು.

ಮಧ್ಯಾಹ್ನ ನಾವು ವಾಪಸು ಬಂದಾಗ ಸ್ಟೋರಿನ ಮುಂದೆ ಆಗಲೇ ಹೊಸಬರು ಐದಾರು ಜನ ನಿಂತು ಐಡಿಗೆಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರ ಗಾಡಿಗಳಲ್ಲಿ ಕಂಪನಿ ಶಾಕುಗಳಿದ್ದವು. ನಾನು ಮುಖ ತಿರುಗಿಸಿಕೊಂಡು ಬಂದೆ.

ನಾಲ್ಕು ಗಂಟೆಗೆ ಆಸ್ಪತ್ರೆಯಲ್ಲಿ ಭೇಟಿಯ ಸಮಯ. ಹದಿಮೂರು ಜನರೂ ಬಂದರು. ಕಾವಲಿನವನು ಮೂವರನ್ನು ಮಾತ್ರ ಬಿಡುತ್ತೇನೆ ಎಂದ, ಆಮೇಲೆ ಅವರ ಮುಖ ನೋಡಿ ಎಲ್ಲರನ್ನೂ ಬಿಟ್ಟ. ಕುಸುಮಾವತಿ ಎದ್ದು ಗೋಡೆಗೆ ಒರಗಿ ನಿಂತಳು. ಆ ದಿನ ಬೆಳಿಗ್ಗೆಯಿಂದ ಹೆಬ್ಬೆರಳು ಅಲುಗಿರಲಿಲ್ಲ. ಅದನ್ನು ಅವಳು ನನಗೆ ಕಣ್ಣಿನಲ್ಲೇ ಹೇಳಿದಳು.

ರಮಾನಾಥನಿಗೆ ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೋದಂತೆ ಅವನ ಮುಖ ಕಪ್ಪಿಟ್ಟಿತು. ಅವನು ಸಿಟ್ಟಾದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ನಾನು ಬಾಯಿ ಮುಚ್ಚಿ ಮಲಗಿದ್ದು ಯಾರಿಗೋಸ್ಕರ?” ಎಂದ. “ನನ್ನದೊಂದು ಹೋಯ್ತು, ನಿಮ್ಮದಾದ್ರೂ ಇರ್ಲಿ ಅಂತ. ಎಲ್ಲ ಒಟ್ಟಿಗೆ ಹೋಗಿ ಕಳ್ಕೊಂಡು ಬಂದ್ರಲ್ಲ. ಎಂತ ಸಿಕ್ಕಿತು ನಿಮ್ಗೆ?”

ಕನ್ನಡ ಬಾರದ ಹದಿಮೂರು ಜನರಿಗೂ ಅದು ಅರ್ಥವಾಯಿತು. ನಿತಾಯ್ ತಲೆ ತಗ್ಗಿಸಿದ. ಏನು ಸಿಕ್ಕಿತೆಂದು ನಾನು ಹೇಳಲಿ? ಏನೂ ಸಿಕ್ಕಿರಲಿಲ್ಲ. ಆಪರೇಷನ್ ಇಲ್ಲ, ವಿಮೆ ಇಲ್ಲ, ಹದಿಮೂರು ಮನೆಗೆ ಕೆಲಸ ಇಲ್ಲ. ಇಂಥ ಕಥೆಗಳಲ್ಲಿ ಕೊನೆಗೆ ಏನಾದರೂ ಆಗುತ್ತದೆಂದು ಓದುವವರು ಕಾಯುತ್ತಾರೆ. ಇಲ್ಲಿ ಆಗಲಿಲ್ಲ.

ರಮಾನಾಥ ಗೋಡೆಯ ಕಡೆ ಮುಖ ತಿರುಗಿಸಲು ನೋಡಿದ. ಸೊಂಟ ತಿರುಗಲಿಲ್ಲ. ಕತ್ತು ಮಾತ್ರ ತಿರುಗಿತು. ನರ್ಸು ಬಂದು ಸಮಯವಾಯಿತು ಎಂದಳು. ನಾವು ಹೊರಡಲು ಎದ್ದೆವು.

“ಮಾದಪ್ಪಣ್ಣ,” ಎಂದು ಕರೆದ. “ಅಷ್ಟು ಹೊತ್ತು ಅಲ್ಲಿ ನಿಂತಿದ್ರಲ್ಲ. ಯಾರಾದ್ರೂ ಕೇಳಿದ್ರಾ, ಬಿದ್ದವ ಹೇಗಿದ್ದಾನೆ ಅಂತ?”

ಹೌದು ಎನ್ನಬಹುದಿತ್ತು. ಸ್ವಸ್ತಿಕ್ ಕೇಳಿದ ಎಂದರೆ ಅವನು ನಂಬುತ್ತಿದ್ದ.

“ಇಲ್ಲ ಕಣಪ್ಪ.”

“ಒಬ್ರೂ?”

“ಒಬ್ರೂ ಇಲ್ಲ.”

ಅವನು ನಿತಾಯ್‌ನನ್ನು ನೋಡಿದ. ಆಮೇಲೆ ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ನೋಡಿದ. ಹದಿಮೂರು ಜನರಿಗೂ ತಿಳಿಯಲಿ ಎಂದು ಬಂಗಾಳಿಯಲ್ಲೇ ಹೇಳಿದ.

“ಹಾಗಾದರೆ ನಾಳೆ ಮತ್ತೆ ಹೋಗಿ. ನನ್ನನ್ನೂ ಹೊತ್ತುಕೊಂಡು ಹೋಗಿ.”